ಪಾತ್ರದ ಗುಣ: ಹೇಳುವುದೋ, ಆಡಿಸುವುದೋ, ಮಾಡಿಸುವುದೋ?

"ಮುನಿವೆಂಕಟಪ್ಪ ಯಾರ ಹಂಗಿನಲ್ಲೂ ಇರುವವನಲ್ಲ" ಎಂದು ಬರೆದರೆ, ಓದಿದವರು "ಹೀಗೆ ನೇರವಾಗಿ ಹೇಳಿಬಿಟ್ಟರೆ ಹೇಗೆ, ತೋರಿಸಬೇಕಿತ್ತು" ಅನ್ನುತ್ತಾರೆ. ಸರಿ ಅಂತ ಆ ಸಾಲು ಹೊಡೆದುಹಾಕಿ ಅರ್ಧ ಪುಟ ತೋರಿಸಿದರೆ, "ಆ ಮನುಷ್ಯ ಜಿಪುಣನೋ ಜಗಳಗಂಟನೋ ತಿಳಿಯಲಿಲ್ಲ" ಅನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಹೊಸದಾಗಿ ಕತೆ ಬರೆಯಲು ಕೂತವರು ಈ ಎರಡು ಮಾತಿನ ನಡುವೆ ಸಿಕ್ಕಿ ಒದ್ದಾಡುತ್ತಾರೆ. ಎರಡು ಟೀಕೆಯೂ ಸರಿಯೇ. ಎಡವಟ್ಟಾಗುವುದು "ತೋರಿಸುವುದು ಯಾವತ್ತೂ ಮೇಲು" ಎಂದು ಕಣ್ಣುಮುಚ್ಚಿ ನಂಬಿದಾಗ. ತೋರಿಸುವುದಕ್ಕೂ ಬೆಲೆಯಿದೆ, ಹೇಳುವುದಕ್ಕೂ ಬೆಲೆಯಿದೆ. ಯಾವುದನ್ನು ಎಲ್ಲಿ ಖರ್ಚು ಮಾಡಬೇಕು ಎನ್ನುವುದಷ್ಟೇ ಇಲ್ಲಿನ ಲೆಕ್ಕ.

ನಾಟ್ಯಶಾಸ್ತ್ರದಲ್ಲಿ ಭರತ ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ್ದಾನೆ: ಮೈಕೈಯಿಂದ ಮಾಡುವ ಆಂಗಿಕ, ಮಾತಿನ ವಾಚಿಕ, ವೇಷಭೂಷಣದ ಆಹಾರ್ಯ, ಒಳಗಿನ ಭಾವ ಮೈಮೇಲೆ ಏಳುವ ಸಾತ್ವಿಕ. ಕತೆಗಾರನ ಕೈಯಲ್ಲಿರುವುದೂ ಹೆಚ್ಚುಕಡಿಮೆ ಇವೇ: ನಡೆ, ಮಾತು, ವಸ್ತು, ಒಳಮನಸ್ಸು. ಇವುಗಳ ಜೊತೆಗೆ ನಿರೂಪಕ ತಾನೇ ಬಾಯಿಬಿಟ್ಟು ಹೇಳುವುದು, ಊರವರ ಬಾಯಲ್ಲಿ ಹೇಳಿಸುವುದು ಎಂಬ ಇನ್ನೆರಡು ಸೇರಿ ಒಟ್ಟು ಆರು ದಾರಿ.

ಮೊದಲು ಅಳತೆಗೋಲು

ಯಾವ ದಾರಿ ಹಿಡಿಯಬೇಕಾದರೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಬೇಕು. ಇದಕ್ಕೆ ಎಷ್ಟು ಪದ ಹೋಗುತ್ತದೆ? ಓದುಗ ಇದನ್ನು ನಂಬುತ್ತಾನೆಯೇ, ಅಥವಾ ಕತೆಗಾರನ ಅಭಿಪ್ರಾಯ ಎಂದು ಪಕ್ಕಕ್ಕಿಡುತ್ತಾನೆಯೇ? ಅವನು ತಪ್ಪು ತಿಳಿಯುವ ಅಪಾಯ ಎಷ್ಟು? ಇದನ್ನು ಹಾಕಿದ ಜಾಗದಲ್ಲಿ ಕತೆ ನಿಂತುಬಿಡುತ್ತದೆಯೇ, ಓಡುತ್ತಲೇ ಇರುತ್ತದೆಯೇ?

ಆರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಪಾತ್ರವೂ ಒಂದೇ ಇರಬೇಕು. ಮುನಿವೆಂಕಟಪ್ಪನನ್ನೇ ಇಟ್ಟುಕೊಳ್ಳೋಣ: ಕೋಲಾರ ತಾಲ್ಲೂಕಿನ ಟೊಮ್ಯಾಟೊ ಬೆಳೆಗಾರ, ಐವತ್ತೈದರ ಆಸುಪಾಸು, ಯಾರ ಉಪಕಾರವನ್ನೂ ಮೈಮೇಲೆ ಹೊರಲಾರದ ಮನುಷ್ಯ.

ನಿರೂಪಕ ನೇರವಾಗಿ ಹೇಳುವುದು

ಮೊದಲ ಸಾಲಿನಲ್ಲಿದ್ದದ್ದು ನಾಲ್ಕೇ ಪದ. ಇಷ್ಟು ಅಗ್ಗದ ದಾರಿ ಬೇರೆ ಇಲ್ಲ, ತಪ್ಪು ತಿಳಿಯುವ ಅಪಾಯವೂ ಇಲ್ಲ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ಆಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ "ತಾವು ಯಾರು" ಎಂದು ಕೇಳುತ್ತಾನೆ, ಪಾತ್ರ ತನ್ನ ಹೆಸರು, ಪರಾಕ್ರಮ ಎಲ್ಲವನ್ನೂ ತಾನೇ ಹೇಳಿಕೊಳ್ಳುತ್ತದೆ. "ತೋರಿಸಲಿಲ್ಲ" ಎಂದು ಯಾರೂ ಎದ್ದುಹೋಗುವುದಿಲ್ಲ, ಏಕೆಂದರೆ ಆಟದ ಸ್ವಾರಸ್ಯ ಇರುವುದು ಆ ಪರಾಕ್ರಮಿ ಮುಂದೇನು ಮಾಡುತ್ತಾನೆ ಎನ್ನುವುದರಲ್ಲಿ. ಕತೆಯಲ್ಲೂ ಒಂದೇ ಸಲ ಬಂದುಹೋಗುವ ಬಸ್ ಕಂಡಕ್ಟರು, ಪಂಚಾಯ್ತಿ ಕಾರ್ಯದರ್ಶಿ, ದೂರದ ಭಾವಮೈದುನ ಇವರನ್ನೆಲ್ಲ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದೇ ಸರಿ. ಅವರಿಗೆ ದೃಶ್ಯ ಕಟ್ಟಿದರೆ ಅವರೇ ನಾಯಕರು ಎಂದು ಓದುಗ ಕಾಯುತ್ತಾ ಕೂರುತ್ತಾನೆ.

ನಂಬಿಕೆಯ ವಿಷಯದಲ್ಲಿ ಮಾತ್ರ ಈ ದಾರಿ ದುರ್ಬಲ. ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಗುಣಗಳನ್ನು ಪೇರಿಸುವುದು: "ಸ್ವಾಭಿಮಾನಿ, ಮುಂಗೋಪಿ, ಆದರೆ ಮನಸ್ಸು ಬೆಣ್ಣೆ." ಮೂರು ವಿಶೇಷಣ ಒಟ್ಟಿಗೆ ಬಂದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಎರಡು, ಹೇಳಿದ್ದನ್ನೇ ಮತ್ತೆ ದೃಶ್ಯ ಮಾಡಿ ತೋರಿಸುವುದು. ಸ್ವಾಭಿಮಾನಿ ಎಂದು ಹೇಳಿಯಾದ ಮೇಲೆ ಸ್ವಾಭಿಮಾನದ ದೃಶ್ಯ ದಂಡ. ಹೇಳಿದ ಗುಣಕ್ಕೆ ಪೆಟ್ಟು ಬೀಳುವ ದೃಶ್ಯವನ್ನು ಅಲ್ಲಿಡಿ, ಆಗ ಹೇಳಿದ ಸಾಲಿಗೂ ಕೆಲಸ ಬರುತ್ತದೆ.

ಇಲ್ಲೇ ಇನ್ನೊಂದು. ಕನ್ನಡದ ನಿರೂಪಕ ಬಾಯಿ ತೆರೆದ ಕೂಡಲೇ ಬಹುವಚನವೋ ಏಕವಚನವೋ ಆರಿಸಲೇಬೇಕು. "ಸಾಹುಕಾರರು ಬಂದರು, ಹಮಾಲಿ ಬಂದ" ಎಂದು ಬರೆದರೆ ಬಯಲಾಗುವುದು ನಿರೂಪಕನ ಗುಣ. ಬೇಕೆಂದೇ ಮಾಡಿದ್ದರೆ ಒಳ್ಳೆಯದು, ಕೈತಪ್ಪಿ ಆಗಿದ್ದರೆ ಇಡೀ ಕತೆಯಲ್ಲಿ ಹುಡುಕಿ ಒಂದೇ ಹದಕ್ಕೆ ತನ್ನಿ.

ನಡೆಯಿಂದ ತೋರಿಸುವುದು

> ಮಂಡಿಯ ಹುಡುಗ ಟೀ ತಂದಿಟ್ಟ. ಮುನಿವೆಂಕಟಪ್ಪ ಕುಡಿದ. ಲೋಟದ ಕೆಳಗೆ ಹತ್ತರ ನೋಟು ಮಡಿಸಿಟ್ಟು ಎದ್ದ. "ದುಡ್ಯಾಕಣ್ಣ, ಸಾಹುಕಾರ್ರ ಲೆಕ್ಕ" ಅಂತ ಹುಡುಗ ಕೂಗಿದ. ಅಷ್ಟೊತ್ತಿಗೆ ಆತ ತನ್ನ ಕ್ರೇಟುಗಳ ಸಾಲಿಗೆ ಹೋಗಿ ನಿಂತಿದ್ದ.

25 ಪದ, ನೇರ ಹೇಳಿಕೆಯ ಆರು ಪಟ್ಟು. ಆದರೆ ಕಣ್ಣಾರೆ ಕಂಡದ್ದಾದ್ದರಿಂದ ಓದುಗ ನಂಬುತ್ತಾನೆ, ಕತೆಯೂ ನಿಲ್ಲಲಿಲ್ಲ. ತೊಂದರೆ ಇರುವುದು ಮೂರನೆಯ ಅಳತೆಯಲ್ಲಿ. ಮಂಡಿಯ, ಅಂದರೆ ರೈತರ ಮಾಲನ್ನು ಹರಾಜಿನಲ್ಲಿ ಮಾರಿಸಿಕೊಡುವ ಸಾಹುಕಾರರ ಅಂಗಡಿಯ, ವ್ಯವಹಾರ ಗೊತ್ತಿಲ್ಲದವರಿಗೆ ಇದು ಬರೀ ಸೊಕ್ಕಿನಂತೆ ಕಾಣಬಹುದು. ಬೀಜಕ್ಕೆ, ಗೊಬ್ಬರಕ್ಕೆ ಮಂಡಿಯವರು ಮುಂಗಡ ಕೊಡುವುದುಂಟು, ಮುಂಗಡ ತಗೊಂಡವರು ಫಸಲನ್ನು ಅದೇ ಮಂಡಿಗೆ ಹಾಕಬೇಕಾಗುತ್ತದೆ. ಇದು ಗೊತ್ತಿದ್ದರೆ ಮಾತ್ರ ಹತ್ತು ರೂಪಾಯಿಗೆ ತೂಕ. ಹಾಗಾಗಿ ಮುಂಗಡದ ಸಂಗತಿ ಒಂದು ಸಾಲಿನಲ್ಲಿ ಬರಲೇಬೇಕು, ಅದೂ ಟೀ ಬರುವುದಕ್ಕೆ ಮುಂಚೆ. ನೋಟು ಇಟ್ಟ ಮೇಲೆ ಬಂದರೆ ಅದು ವಿವರಣೆಯಾಗುತ್ತದೆ, ದೃಶ್ಯದ ಉಸಿರು ಅಲ್ಲಿಗೆ ನಿಲ್ಲುತ್ತದೆ.

ನಡೆ ಗುಣವನ್ನು ಬಿಚ್ಚುವುದು ಅದರಿಂದ ಪಾತ್ರಕ್ಕೆ ಏನಾದರೂ ಕಳೆದುಹೋಗುವಾಗ. ರೇಟು ಚೆನ್ನಾಗಿರುವ ದಿನ ಹತ್ತು ರೂಪಾಯಿ ಇಡುವುದು ದೊಡ್ಡ ಮಾತಲ್ಲ. 15 ಕೆಜಿಯ ಕ್ರೇಟಿಗೆ ಬಿಡಿಸಿದ ಕೂಲಿಯೂ ಗಿಟ್ಟದ ದಿನ, ಊರಿಗೆ ವಾಪಸು ಹೋಗುವ ಬಾಡಿಗೆಯನ್ನೇ ಲೆಕ್ಕ ಹಾಕುತ್ತಾ ನಿಂತವನು ಇಟ್ಟರೆ ಅದೇ ನೋಟಿಗೆ ಬೇರೆ ಅರ್ಥ. ಹೊಸ ದೃಶ್ಯ ಹುಡುಕುವ ಮುಂಚೆ ಇರುವ ದೃಶ್ಯದಲ್ಲೇ ಬೆಲೆ ಏರಿಸಲು ನೋಡಿ.

ರೂಢಿಯ ನಡೆಗೂ ಒಂದು ದಿನದ ನಡೆಗೂ ವ್ಯತ್ಯಾಸವಿದೆ. "ನೋಟು ಇಡುತ್ತಿದ್ದ" ಎಂದರೆ ರೂಢಿ, ಅದು ಅರ್ಧ ಹೇಳಿಕೆಯೇ, ಪದವೂ ಕಡಿಮೆ. "ಇಟ್ಟ" ಎಂದರೆ ಘಟನೆ. ರೂಢಿಯನ್ನು ಒಂದು ಸಾಲಿನಲ್ಲಿ ಹೇಳಿ, ಅದು ಮುರಿಯುವ ದಿನವನ್ನು ದೃಶ್ಯವಾಗಿ ಬರೆಯುವುದು ಪದ ಉಳಿಸುವ ಒಳ್ಳೆಯ ಉಪಾಯ. ಮುನಿವೆಂಕಟಪ್ಪ ಟೀ ಕುಡಿದು ನೋಟು ಇಡದೆ ಎದ್ದುಹೋದ ಬೆಳಿಗ್ಗೆಗೆ ಎರಡು ಪುಟ ಕೊಟ್ಟರೂ ನಷ್ಟವಿಲ್ಲ.

ಕೆಡುವುದು ಎಲ್ಲರ ಮೈಗೂ ಒಗ್ಗುವ ನಡೆಗಳಿಂದ: ನಿಟ್ಟುಸಿರು ಬಿಟ್ಟ, ತಲೆ ಕೆರೆದುಕೊಂಡ, ಮುಗುಳ್ನಕ್ಕ, ಕಿಟಕಿಯಾಚೆ ನೋಡಿದ. ಆ ನಡೆಯನ್ನು ಕತೆಯ ಇನ್ನೊಂದು ಪಾತ್ರಕ್ಕೆ ಕೊಟ್ಟು ನೋಡಿ. ಸಲೀಸಾಗಿ ಹೊಂದಿದರೆ ಹೊಡೆದುಹಾಕಿ. ಕಸುಬಿನೊಳಗಿನ ನಡೆಗಳು ಹೀಗೆ ಕೈ ಬದಲಾಗುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನಿಂದ ನೂಲು ತೆಗೆಯುವ ರೀಲರು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳು ಸದ್ದು ಮಾಡುತ್ತದೆಯೇ ಕೇಳುತ್ತಾನೆ. ಒಬ್ಬ ರೀಲರು ಮೇಲಿನ ಗೂಡು ತೆಗೆದು ಅಲ್ಲಾಡಿಸಿ ಬೆಲೆ ಹೇಳುತ್ತಾನೆ, ಇನ್ನೊಬ್ಬ ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ತೆಗೆಯುತ್ತಾನೆ. ಇಬ್ಬರ ಬಗ್ಗೆಯೂ ಮುಂದೆ ಹೇಳಬೇಕಾದ್ದು ಕಡಿಮೆ.

ಮಾತಿನಲ್ಲಿ ತೋರಿಸುವುದು

> "ಸಾಹುಕಾರ್ರನ್ನ ಒಂದ್ ಮಾತು ಕೇಳಿ ನೋಡಪ್ಪ, ಕೊಡ್ತಾರೆ."
> "ಕೊಡ್ತಾರೆ. ಅದುಕ್ಕೇ ಕೇಳಲ್ಲ."

ಒಂಬತ್ತು ಪದ. ಕೇಳಿದ ಮಗನ ಸ್ವಭಾವವೂ ಸಿಕ್ಕಿತು, ಉತ್ತರ ಕೊಟ್ಟ ಅಪ್ಪ ಮುನಿವೆಂಕಟಪ್ಪನದ್ದೂ ಸಿಕ್ಕಿತು. ಪದದ ಲೆಕ್ಕ ಮತ್ತು ನಂಬಿಕೆ ಎರಡನ್ನೂ ಒಟ್ಟಿಗೆ ನೋಡಿದರೆ ಕನ್ನಡದಲ್ಲಿ ಇದಕ್ಕಿಂತ ಲಾಭದ ದಾರಿ ಇಲ್ಲ. ಇದರಷ್ಟು ಬೇಗ ಹಾಳಾಗುವ ದಾರಿಯೂ ಇಲ್ಲ.

ಲಾಭ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ ಕರೆಯುವ ರೀತಿಯಿಂದ. ಒಬ್ಬನೇ ಮಂಡಿ ಮಾಲೀಕನನ್ನು ಒಬ್ಬ "ಸ್ವಾಮಿ" ಅನ್ನುತ್ತಾನೆ, ಒಬ್ಬ "ಸಾಹುಕಾರ್ರೇ", ಒಬ್ಬ "ಅಣ್ಣ", ಇನ್ನೊಬ್ಬ "ಏನಪ್ಪಾ". ಸುತ್ತಲಿನವರೆಲ್ಲ "ಸ್ವಾಮಿ" ಅನ್ನುವಾಗ ಮುನಿವೆಂಕಟಪ್ಪ "ಅಣ್ಣ" ಎಂದು ನಿಲ್ಲಿಸಿದರೆ ಕೆಲಸ ಮುಗಿಯಿತು. ಜಗಳದ ನಡುವೆ "ನೀವು" ಹೋಗಿ "ನೀನು" ಬಂದ ಜಾಗಕ್ಕೆ "ಸಿಟ್ಟಿನಿಂದ ಹೇಳಿದ" ಎಂದು ಸೇರಿಸುವ ಅಗತ್ಯವೇ ಇಲ್ಲ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ ಪಟ್ಟಿಯನ್ನು ಕತೆ ಶುರುಮಾಡುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ದಾರಿಯಲ್ಲಿ ಕಾರಣವಿಲ್ಲದೆ "ಅಣ್ಣ" ಹೋಗಿ "ಸಾರ್" ಆಗುವುದು ಹಸ್ತಪ್ರತಿಗಳಲ್ಲಿ ತೀರಾ ಸಾಮಾನ್ಯ.

ಎರಡನೆಯದು ಊರ ಮಾತು. ತುಮಕೂರಿನ ಕಡೆ "ಬಂದವ್ನೆ ಕಣ್ಲಾ" ಎಂದರೆ, ಕೋಲಾರದ ಹಳ್ಳಿಗಳಲ್ಲಿ ಹಕಾರ ಬಿದ್ದು "ಅಂಗೆ, ಇಂಗೆ, ಓಗ್ತೀನಿ" ಆಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಇದನ್ನೆಲ್ಲ ಕಿವಿಗೆ ಕೇಳಿದಂತೆ ಅಕ್ಷರಕ್ಕಿಳಿಸಲು ಹೋದರೆ ಮೂರು ಸಾಲಿಗೆ ಓದುಗ ಸುಸ್ತಾಗುತ್ತಾನೆ, ಪಾತ್ರ ನಗೆಪಾಟಲಾಗುತ್ತದೆ. ಮೂರ್ನಾಲ್ಕು ಗುರುತು ಸಾಕು: ಒಂದು ಕ್ರಿಯಾಪದದ ಕೊನೆ, ಒಂದು ಸಂಬೋಧನೆ, ಪದೇಪದೇ ಬರುವ ಒಂದೆರಡು ಪದ. ಉಳಿದದ್ದು ಸಾಮಾನ್ಯ ಆಡುಮಾತಿನಲ್ಲೇ ಇರಲಿ. ತೆಲುಗು ಬೇಕಾದ ಕಡೆ ಒಂದು ಸಾಲು ತಂದು, ಅರ್ಥವನ್ನು ಉತ್ತರದಲ್ಲಿ ಕೊಡಿ. ಅವ್ವ ಒಲೆ ಮುಂದೆ "ಎಂತ ಚೆಪ್ಪಿನಾ ವಿನಡು" ಎಂದು ಗೊಣಗಲಿ, ಮುನಿವೆಂಕಟಪ್ಪ "ಕೇಳಲ್ಲ, ಕೇಳಲ್ಲ, ಬಿಡು" ಅನ್ನಲಿ. ಆವರಣ ಚಿಹ್ನೆ, ಅಡಿಟಿಪ್ಪಣಿ ಯಾವುದೂ ಬೇಡ.

ಇದಕ್ಕಿಂತ ದೊಡ್ಡ ಎಡವಟ್ಟು, ಊರ ಮಾತು ಬಂದರೆ ಪಾತ್ರ ಬಂತು ಎಂದುಕೊಳ್ಳುವುದು. ಊರ ಮಾತು ಹೇಳುವುದು ಊರನ್ನು. ಆರು ಜನ ಒಂದೇ ಥರ "ಕಣ್ಲಾ" ಅಂದರೆ ಯಾರ ಗುಣವೂ ತಿಳಿಯಲಿಲ್ಲ. ವ್ಯತ್ಯಾಸ ಇರಬೇಕಾದ್ದು ಆ ಮಾತಿನ ಒಳಗೆ: ಒಬ್ಬ ಪ್ರಶ್ನೆಗೆ ಪ್ರಶ್ನೆಯನ್ನೇ ಹಾಕುತ್ತಾನೆ, ಒಬ್ಬಳು ವಾಕ್ಯ ಮುಗಿಸುವುದೇ ಇಲ್ಲ, ಒಬ್ಬ ತನ್ನೊಬ್ಬನ ಬಗ್ಗೆ ಹೇಳುವಾಗಲೂ "ನಾವು" ಅನ್ನುತ್ತಾನೆ, ಇನ್ನೊಬ್ಬ ಗಾದೆಯ ಹಿಂದೆ ಅಡಗುತ್ತಾನೆ. ಪಾತ್ರಗಳ ಹೆಸರು ಮುಚ್ಚಿ ಬರೀ ಸಂಭಾಷಣೆ ಓದಿ ನೋಡಿ. ಯಾರು ಯಾರು ಎಂದು ಗೊತ್ತಾಗದಿದ್ದರೆ ಇನ್ನೂ ಕೆಲಸ ಬಾಕಿಯಿದೆ. ಮತ್ತೆ, ಕೂಲಿಯವರಿಗೆ ಮಾತ್ರ ಊರ ಮಾತು ಕೊಟ್ಟು ಮೇಷ್ಟರು, ಸಾಹುಕಾರರಿಗೆ ಪುಸ್ತಕದ ಕನ್ನಡ ಕೊಟ್ಟಿದ್ದೀರಾ ನೋಡಿಕೊಳ್ಳಿ. ಕೋಲಾರದ ಸಾಹುಕಾರನೂ ಮನೆಯಲ್ಲಿ "ಅಂಗೆ ಇಂಗೆ" ಎಂದೇ ಮಾತಾಡುತ್ತಾನೆ.

"ನಾನು ಯಾರ ಹಂಗಲ್ಲೂ ಇರೋನಲ್ಲ ಕಣಯ್ಯಾ" ಎಂದು ಪಾತ್ರದ ಬಾಯಿಂದಲೇ ಹೇಳಿಸಿದರೆ? ಓದುಗನಿಗೆ ತಕ್ಷಣ ಅನುಮಾನ ಬರುತ್ತದೆ. ಆ ಅನುಮಾನವೇ ಬೇಕಿದ್ದರೆ, ಅಂದರೆ ಬಡಾಯಿಕೋರನನ್ನು ಬರೆಯುತ್ತಿದ್ದರೆ, ಈ ಸಾಲು ಬಂಗಾರ. ಬೇರೆಲ್ಲ ಕಡೆ ತಗಡು.

ಊರವರ ಬಾಯಲ್ಲಿ

> "ಮಗಳ ಮದ್ವೇಲಿ ಮುಯ್ಯಿ ಕೂಡ ಮುಟ್ಟಲಿಲ್ವಂತೆ. ಕೈಮುಗಿದು ವಾಪಸ್ ಕೊಟ್ಟನಂತೆ."
> "ನಾಳೆ ಅವ್ರಿವ್ರ ಮದ್ವೇಲಿ ವಾಪಸ್ ಹಾಕ್ಬೇಕಲ್ಲ, ಅದುಕ್ಕೆ. ಲೆಕ್ಕದೋನು ಅವ್ನು."

ಒಂದು "ಅಂತೆ" ಹಾಕಿದರೆ ಕತೆಗಾರ ಜವಾಬ್ದಾರಿಯಿಂದ ಪಾರು. ನಿಜವೋ ಸುಳ್ಳೋ ಓದುಗನೇ ತೀರ್ಮಾನಿಸಿಕೊಳ್ಳಬೇಕು. ಆಡಿಕೊಳ್ಳುವವರ ಗುಣವೂ ಪುಕ್ಕಟೆಯಾಗಿ ಸಿಗುತ್ತದೆ. ಇನ್ನೂ ರಂಗಕ್ಕೆ ಬಾರದವರು, ಊರು ಬಿಟ್ಟುಹೋದವರು, ಸತ್ತವರು, ಇವರಿಗೆ ಈ ದಾರಿ ಹೇಳಿ ಮಾಡಿಸಿದ್ದು. ಮೇಲೆ ಇಬ್ಬರು ಒಂದೇ ಸಂಗತಿಗೆ ಎರಡು ಕಾರಣ ಕೊಟ್ಟಿದ್ದಾರೆ. ಎಲ್ಲರೂ ಹೌದು ಹೌದು ಅಂದಿದ್ದರೆ ನಿರೂಪಕನೇ ವೇಷ ಹಾಕಿಕೊಂಡು ಕೂತಂತೆ. ಜಾಗದ ಆಯ್ಕೆಯೂ ಮುಖ್ಯ. ಅರಳಿಕಟ್ಟೆ ಕತೆಗಳಲ್ಲಿ ಸವೆದುಹೋಗಿದೆ. ಬೆಳಿಗ್ಗೆ ಸಂಜೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲಿನಲ್ಲಿ ಮಾತಿಗೆ ಬರವಿಲ್ಲ, ಸಾಲು ಮುಂದೆ ಸಾಗುತ್ತಿದ್ದಂತೆ ದೃಶ್ಯವೂ ತಾನಾಗಿ ಮುಗಿಯುತ್ತದೆ.

ನಂಬಿಕೆ ಅರೆಬರೆ, ಪದ ಮಧ್ಯಮ. ಸಣ್ಣ ಕತೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಳಸಿದರೆ ಮುಖ್ಯ ಪಾತ್ರ ತೆರೆಮರೆಯಲ್ಲೇ ಉಳಿದುಬಿಡುತ್ತದೆ.

ವಸ್ತು, ಮನೆ, ಉಡುಗೆ

ತಿಪಟೂರು ಕಡೆಯ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಬೆಲೆ ಏರಿದಾಗಲೂ ಅಟ್ಟ ಇಳಿಸದ ಮನೆ ಎಂದು ಬರೆದರೆ ಯಜಮಾನ ಎದುರಿಗೆ ಇರಬೇಕಾಗಿಯೇ ಇಲ್ಲ. ಅದು ಆಸೆಯೋ, ಮೊಂಡುತನವೋ, ಮಾರಿದ ಮೇಲೆ ಮಕ್ಕಳು ಪಾಲು ಕೇಳುತ್ತಾರೆಂಬ ಭಯವೋ, ಕತೆ ಮುಂದುವರಿದಂತೆ ತಿಳಿಯಲಿ. ವಸ್ತುವಿನ ಅನುಕೂಲ ಇದೇ: ಪಾತ್ರ ಇಲ್ಲದಾಗಲೂ ಕೆಲಸ ಮಾಡುತ್ತಿರುತ್ತದೆ, ಎಂಟ್ಹತ್ತು ಪದದಲ್ಲಿ ಮುಗಿಯುತ್ತದೆ. ಅನನುಕೂಲವೆಂದರೆ ಒಂಟಿಯಾಗಿ ಎಲ್ಲೂ ಮುಟ್ಟಿಸದು, ಇನ್ನೊಂದು ದಾರಿಯ ಆಸರೆ ಬೇಕು.

ಒಂದೇ ವಸ್ತು ಆರಿಸಿ, ಮೂರು ಸಲ ತನ್ನಿ: ಮೊದಲು ಕಾಣಲಿ, ನಡುವೆ ಬದಲಾಗಲಿ, ಕೊನೆಗೆ ಇಲ್ಲದಿರಲಿ ಅಥವಾ ಇನ್ನೊಬ್ಬರ ಕೈಗೆ ಹೋಗಲಿ. ಮುನಿವೆಂಕಟಪ್ಪನ ಶರ್ಟಿನ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇರಲಿ, ಅದರಲ್ಲಿ ತನಗೆ ಬರಬೇಕಾದದ್ದು ಏನೂ ಇಲ್ಲ, ತಾನು ಕೊಡಬೇಕಾದದ್ದು ಮಾತ್ರ, ತೀರಿಸಿದ ಒಂದೊಂದಕ್ಕೂ ಗೀಟು. ಗೀಟು ಬೀಳದ ಸಾಲೊಂದು ಯಾವಾಗ ಬಂತು ಎನ್ನುವಲ್ಲಿ ಕತೆ ತಿರುಗಬಹುದು. ಗೋಡೆಯ ಕ್ಯಾಲೆಂಡರಿನಿಂದ ಹಿಡಿದು ಹಿತ್ತಲಿನ ಕೇಸಿಂಗ್ ಪೈಪಿನವರೆಗೆ ಎಲ್ಲವನ್ನೂ ಪಟ್ಟಿ ಮಾಡಿದರೆ ಜಪ್ತಿಗೆ ಬಂದವರ ಮಹಜರಿನಂತಿರುತ್ತದೆ.

ಮುಖಚಹರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿರಿಜಾ ಮೀಸೆಗೂ ಧೈರ್ಯಕ್ಕೂ, ಮೈಬಣ್ಣಕ್ಕೂ ಮನಸ್ಸಿಗೂ ಸಂಬಂಧವಿಲ್ಲ. ಆ ಜೋಡಣೆ ಸೋಮಾರಿತನ, ಎಷ್ಟೋ ಸಲ ಅನ್ಯಾಯ ಕೂಡ.

ಒಳಮನಸ್ಸು

> ಇವರ ಟೀ ತನಗ್ಯಾಕೆ? ಇವತ್ತು ಟೀ, ನಾಳೆ ಗೊಬ್ಬರದ ಮೂಟೆ, ನಾಡಿದ್ದು ತೋಟವೇ.

"ಎಂದುಕೊಂಡ" ಇಲ್ಲದೆಯೇ ಇದು ಮುನಿವೆಂಕಟಪ್ಪನ ಯೋಚನೆ ಎಂದು ಗೊತ್ತಾಗುತ್ತದೆ, "ತನಗ್ಯಾಕೆ" ಎಂಬುದೊಂದು ಸಾಕು. ಅಭಿಮಾನದ ಕೆಳಗೆ ಭಯವಿದೆ ಎನ್ನುವುದೂ ಬಂತು. ನಡೆ ಏನನ್ನು ತೋರಿಸಿದರೂ ಕಾರಣವನ್ನು ಮುಟ್ಟಿಸುವುದು ಕಷ್ಟ. ಅಲ್ಲಿಗೆ ನೇರವಾಗಿ ಕೈಹಾಕುವ ದಾರಿ ಇದು. ಒಂದು ದೃಶ್ಯಕ್ಕೆ ಒಬ್ಬರ ಮನಸ್ಸು ಸಾಕು. ಮುನಿವೆಂಕಟಪ್ಪನ ತಲೆಯಿಂದ ಟೀ ಹುಡುಗನ ತಲೆಗೆ, ಅಲ್ಲಿಂದ ಸಾಹುಕಾರನ ತಲೆಗೆ ಹಾರಿದರೆ ಓದುಗ ಯಾರ ಪಕ್ಕದಲ್ಲೂ ನಿಲ್ಲುವುದಿಲ್ಲ. ಇನ್ನೊಂದು ಕಾಯಿಲೆ, ಪಾತ್ರ ತನ್ನನ್ನೇ ವಿಶ್ಲೇಷಿಸಿಕೊಳ್ಳುವುದು. ಮಂಡಿಯಲ್ಲಿ ಹರಾಜು ಕೂಗುತ್ತಿರುವಾಗ ಯಾರೂ "ನನ್ನೊಳಗೆ ಅಭದ್ರತೆಯಿದೆ" ಎಂದು ಯೋಚಿಸುವುದಿಲ್ಲ.

ಯಾರಿಗೆ ಯಾವುದು

1,500 ಪದದ ಮಿತಿಯ ಕಥಾಸ್ಪರ್ಧೆಗೆ ಬರೆಯುತ್ತಿದ್ದರೆ ಮುಖ್ಯ ಪಾತ್ರಕ್ಕೆ ಒಂದೇ ಗುಣ ಇಟ್ಟುಕೊಳ್ಳಿ. ಒಂದು ಘಟನೆ, ಎರಡು ಮೂರು ಕಡೆ ಮಾತು, ಒಂದು ವಸ್ತು. ಉಳಿದ ಪಾತ್ರಗಳಿಗೆ ತಲಾ ಒಂದು ಸಾಲಿನ ಹೇಳಿಕೆ. ಒಳಮನಸ್ಸು ಬೇಕೇಬೇಕಿದ್ದರೆ ಒಂದೇ ಕಡೆ, ಅದೂ ನಿರ್ಧಾರದ ಕ್ಷಣದಲ್ಲಿ. 300 ಪದದ ಕಿರುಗತೆಗೆ ವಸ್ತುವನ್ನೂ ಬಿಡಿ: ಒಂದು ನಡೆ, ಒಂದು ಉತ್ತರ.

ಕಾದಂಬರಿಗೆ ಪದದ ಚಿಂತೆ ಇಲ್ಲ, ಮರೆವಿನ ಚಿಂತೆ ಇದೆ. ಮೂರನೇ ಅಧ್ಯಾಯದಲ್ಲಿ ಕಂಡವನು ಹದಿನೈದನೆಯದರಲ್ಲಿ ತಿರುಗಿ ಬಂದಾಗ ಓದುಗ ಗುರುತು ಹಿಡಿಯಬೇಕು. ವಸ್ತು ಮತ್ತು ಸಂಬೋಧನೆ ಅಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತವೆ. ಊರವರ ಮಾತನ್ನು ಮೊದಲ ಅಧ್ಯಾಯಗಳಲ್ಲೇ ಖರ್ಚು ಮಾಡಿ, ಅದು ಅರ್ಧ ಸುಳ್ಳು ಎಂದು ಆಮೇಲೆ ನಡೆಯಿಂದ ಗೊತ್ತಾಗಲಿ.

ಆಕಾಶವಾಣಿ ನಾಟಕಕ್ಕೆ ಲೋಟದ ಕೆಳಗಿನ ನೋಟು ಕಾಣುವುದಿಲ್ಲ. ಹುಡುಗನ "ದುಡ್ಯಾಕಣ್ಣ" ಎಂಬ ಕೂಗಿನ ಮೇಲೆಯೇ ಇಡೀ ಭಾರ ಬೀಳುತ್ತದೆ, ಹಾಗಾಗಿ ವಸ್ತುಗಳಲ್ಲಿ ಸದ್ದು ಮಾಡುವುದನ್ನೇ ಆರಿಸಿ. ಹಾಸ್ಯ ಬರಹಕ್ಕೆ ಗುಣವನ್ನು ಮೊದಲೇ ಹೇಳಿಬಿಡುವುದು ವಾಸಿ, ನಗು ಇರುವುದು ಅದು ಮತ್ತೆ ಮತ್ತೆ ಎಡವುವುದರಲ್ಲಿ. ಮಕ್ಕಳ ಕತೆಗೂ ಹೇಳಿಕೆ ಮತ್ತು ನಡೆ ಜೊತೆಜೊತೆಗೇ ಇರಲಿ, ಗೊಂದಲದ ನಡೆ ಬೇಡ.

"ನಾನು" ಎಂದು ಶುರುವಾಗುವ ಕತೆಯಲ್ಲಿ ಒಳಮನಸ್ಸು ಪುಕ್ಕಟೆ ಸಿಗುತ್ತದೆ, ಆದರೆ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನು ಯಾರೂ ಪೂರ್ತಿ ನಂಬುವುದಿಲ್ಲ. ಅಂಥ ಕತೆಯಲ್ಲಿ ನಿರೂಪಕನ ನಿಜವಾದ ಗುಣ ಬಯಲಾಗುವುದು ಅವನು ಬೇರೆಯವರನ್ನು ವರ್ಣಿಸುವ ರೀತಿಯಲ್ಲಿ. ಮಂಡಿಯ ಹುಡುಗನನ್ನು ಅವನು ಹೆಸರು ಹಿಡಿದು ಕರೆದನೋ, "ಆ ಟೀ ಹುಡುಗ" ಅಂದನೋ, ಅದನ್ನು ನೋಡಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ಪಾತ್ರದ ಗುಣವನ್ನು ಬೇರೆ ಹಾಳೆಯಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ, ಅದರ ಪಕ್ಕದಲ್ಲಿ ಅದನ್ನು ಎಳೆದು ಬೀಳಿಸುವ ಒತ್ತಡವನ್ನೂ ಬರೆಯಿರಿ: ಹಂಗು ಬೇಡದವನು, ಮಗನ ಕಾಲೇಜು ಫೀಸು ನಾಳೆಯೇ ಕಟ್ಟಬೇಕು. ಆ ಸನ್ನಿವೇಶವನ್ನು ನಡೆ, ಮಾತು, ಒಳಮನಸ್ಸು, ಮೂರು ದಾರಿಯಲ್ಲೂ ತಲಾ 50 ಪದದಲ್ಲಿ ಬರೆದು ಇಬ್ಬರಿಗೆ ಕೊಡಿ. ಒಬ್ಬರು ಮಂಡಿ ಬಲ್ಲವರಾಗಿರಲಿ, ಇನ್ನೊಬ್ಬರು ಅದರ ಗಂಧಗಾಳಿ ಇಲ್ಲದವರಾಗಿರಲಿ. "ಚೆನ್ನಾಗಿದೆಯಾ" ಎಂದು ಕೇಳಬೇಡಿ, ಯಾರಾದರೂ ಚೆನ್ನಾಗಿದೆ ಎಂದೇ ಅನ್ನುತ್ತಾರೆ. "ಈ ಮನುಷ್ಯ ನಾಳೆ ಸಾಹುಕಾರ್ರ ಹತ್ರ ಸಾಲ ಕೇಳ್ತಾನಾ?" ಎಂದು ಕೇಳಿ. ಇಬ್ಬರೂ ತಡೆದು ಯೋಚಿಸಿ "ಕೇಳಲಾರ, ಆದ್ರೆ..." ಅಂದರೆ ಆ ದಾರಿಯನ್ನೇ ಉಳಿಸಿಕೊಳ್ಳಿ. ಮಂಡಿ ಗೊತ್ತಿಲ್ಲದವರು ಮಾತ್ರ ತಬ್ಬಿಬ್ಬಾದರೆ ಮುಂಗಡದಂಥ ಒಂದು ಸಾಲು ದೃಶ್ಯದ ಮುಂಚೆ ಬೇಕು. ಮಂಡಿ ಬಲ್ಲವರು ಎರಡನೇ ಸಾಲಿಗೇ "ಗೊತ್ತಾಯ್ತು ಬಿಡಿ" ಎಂದರೆ ಎಲ್ಲೋ ಒಂದು ಕಡೆ ನೀವೇ ಬಾಯಿಬಿಟ್ಟಿದ್ದೀರಿ, ಆ ಸಾಲು ಹುಡುಕಿ ತೆಗೆಯಿರಿ.